ಎಎಂ4 ಸಾಕೆಟ್ ವಿಮರ್ಶೆ: ಲಿಸಾ ಸು ಕೊಟ್ಟ ಮಾತು, ಅದಕ್ಕೆ ಬಳಕೆದಾರ ತೆತ್ತ ಬೆಲೆ

ಎಎಂಡಿ ಕಂಪನಿಯ ಎಎಂ4 ಸಾಕೆಟ್ಟನ್ನು, ಅಂದರೆ ಮದರ್‌ಬೋರ್ಡಿನ ಮೇಲೆ ಪ್ರೊಸೆಸರ್ ಕೂರುವ ಜಾಗವನ್ನು, ಒಂದು ಬಿಡಿ ಪ್ರೊಸೆಸರ್ ಅಳೆಯುವಂತೆ ಅಳೆದರೆ ಅದರ ಗುಣವೂ ಕಾಣುವುದಿಲ್ಲ, ಹುಳುಕೂ ಕಾಣುವುದಿಲ್ಲ. 2017ರಲ್ಲಿ ಕೊಂಡ ಬಿ350 ಮದರ್‌ಬೋರ್ಡಿನ ಮೇಲೆ 2022ರ ರೈಜನ್ 7 5800ಎಕ್ಸ್3ಡಿ ಪ್ರೊಸೆಸರ್ ಕೂರುತ್ತದೆ. ಹಳೆಯ ಡಿಡಿಆರ್4 ರ‍್ಯಾಮ್ ಹಾಗೇ ಉಳಿಯುತ್ತದೆ, ಎಸ್ಎಸ್‌ಡಿಯಲ್ಲಿರುವ ವಿಂಡೋಸ್ ಸಾಮಾನ್ಯವಾಗಿ ಮತ್ತೆ ಹಾಕಿಸಿಕೊಳ್ಳದೆಯೇ ಎದ್ದು ನಿಲ್ಲುತ್ತದೆ. ಪ್ರೊಸೆಸರ್ ವೇಗವೇ ತಡೆಯಾಗಿದ್ದ ಆಟಗಳಲ್ಲಿ ಫ್ರೇಮ್‌ಗಳು ದುಪ್ಪಟ್ಟಿನ ಹತ್ತಿರಕ್ಕೆ ಹೋಗುವುದೂ ಉಂಟು. ಅದೇ ವರ್ಷಗಳಲ್ಲಿ ಇಂಟೆಲ್ ಕಡೆ ಎರಡು ತಲೆಮಾರಿಗೊಮ್ಮೆ ಬೋರ್ಡ್ ಬದಲಿಸುವುದೇ ರೂಢಿಯಾಗಿತ್ತು.

ಸಾಕೆಟ್ ಇಷ್ಟು ವರ್ಷ ಉಳಿದದ್ದು ತಾನಾಗಿ ಅಲ್ಲ. ನಷ್ಟದಲ್ಲಿದ್ದ ಕಂಪನಿಯೊಂದು ಗ್ರಾಹಕರ ನಂಬಿಕೆ ಗಳಿಸಲು ಮಾಡಿದ ಲೆಕ್ಕಾಚಾರ ಅದು. ಆ ಲೆಕ್ಕಾಚಾರ ನಡೆದದ್ದು ಕಂಪನಿಯ ಸಿಇಒ ಲಿಸಾ ಸು ಅವರ ಆಡಳಿತದಲ್ಲಿ. ಎಎಂ4 ಬಳಸುವವರಿಗೆ ಸಿಕ್ಕ ಲಾಭ, ಅನುಭವಿಸಿದ ಕಿರಿಕಿರಿ ಎರಡರ ಬೇರೂ ಅಲ್ಲೇ ಇರುವುದರಿಂದ, ಈ ವಿಮರ್ಶೆಯಲ್ಲಿ ಅವರ ವೃತ್ತಿಜೀವನವೂ ಬರಲೇಬೇಕು.

ಲಿಸಾ ಸು ಹುಟ್ಟಿದ್ದು 1969ರ ನವೆಂಬರ್ 7ರಂದು, ತೈವಾನಿನ ತೈನಾನ್ ನಗರದಲ್ಲಿ. ಚಿಕ್ಕ ಮಗುವಾಗಿದ್ದಾಗಲೇ ಕುಟುಂಬ ನ್ಯೂಯಾರ್ಕಿಗೆ ಬಂತು. ಬ್ರಾಂಕ್ಸ್ ಹೈಸ್ಕೂಲ್ ಆಫ್ ಸೈನ್ಸ್‌ನಲ್ಲಿ ಓದಿ, ಎಂಐಟಿಯಲ್ಲಿ ಎಲೆಕ್ಟ್ರಿಕಲ್ ಎಂಜಿನಿಯರಿಂಗ್‌ನ ಮೂರೂ ಪದವಿಗಳನ್ನು ಪಡೆದರು. 1994ರ ಪಿಎಚ್‌ಡಿಯ ವಿಷಯ ಸಿಲಿಕಾನ್-ಆನ್-ಇನ್ಸುಲೇಟರ್ ಟ್ರಾನ್ಸಿಸ್ಟರುಗಳು. ಎಂಬಿಎ ದಾರಿಯಿಂದ ಬಂದ ಮ್ಯಾನೇಜರ್ ಅಲ್ಲ, ಸಾಧನಗಳ ಭೌತಶಾಸ್ತ್ರದಿಂದ ಬಂದವರು. ಟೆಕ್ಸಾಸ್ ಇನ್‌ಸ್ಟ್ರುಮೆಂಟ್ಸ್‌ನಲ್ಲಿ ಸ್ವಲ್ಪ ಕಾಲವಿದ್ದು 1995ರಲ್ಲಿ ಐಬಿಎಂ ಸೇರಿದರು. ಅಲ್ಲಿನ ಕೆಲಸ ಚಿಪ್ಪಿನೊಳಗಿನ ತಂತಿಗಳನ್ನು ಅಲ್ಯೂಮಿನಿಯಂನಿಂದ ತಾಮ್ರಕ್ಕೆ ಬದಲಿಸುವುದು. ತಾಮ್ರದಲ್ಲಿ ವಿದ್ಯುತ್ ಸಲೀಸಾಗಿ ಹರಿಯುತ್ತದೆ, ಆದರೆ ಅದರ ಪರಮಾಣುಗಳು ಸಿಲಿಕಾನಿಗೆ ಇಳಿದರೆ ಟ್ರಾನ್ಸಿಸ್ಟರ್ ಕೆಡುತ್ತದೆ. ಹಾಗಾಗಿ ತಾಮ್ರದ ಸುತ್ತ ತೆಳುವಾದ ತಡೆಪದರ ಬೇಕು. ಆ ತೊಡಕನ್ನು ಬಿಡಿಸಿದವರಲ್ಲಿ ಸು ಅವರೂ ಒಬ್ಬರು. 1998ರಲ್ಲಿ ಐಬಿಎಂ ತಾಮ್ರದ ತಂತಿಯ ಚಿಪ್ಪುಗಳನ್ನು ಮಾರುಕಟ್ಟೆಗೆ ತಂದಿತು. ಕೆಲವೇ ವರ್ಷಗಳಲ್ಲಿ ಇಡೀ ಉದ್ಯಮ ಅದೇ ಹಾದಿ ಹಿಡಿಯಿತು.

2000ದಲ್ಲಿ ಐಬಿಎಂ ಮುಖ್ಯಸ್ಥ ಲೂ ಗರ್ಸ್ಟ್‌ನರ್ ಅವರ ತಾಂತ್ರಿಕ ಸಹಾಯಕಿಯಾದದ್ದು ದೊಡ್ಡ ತಿರುವು. ಆಮೇಲೆ ಸೋನಿ ಮತ್ತು ತೋಷಿಬಾ ಜೊತೆಗಿನ ಸೆಲ್ ಪ್ರೊಸೆಸರ್ ಯೋಜನೆ, 2007ರಲ್ಲಿ ಚಿಪ್ ಕಂಪನಿ ಫ್ರೀಸ್ಕೇಲ್‌ನ ಮುಖ್ಯ ತಂತ್ರಜ್ಞಾನ ಅಧಿಕಾರಿ ಹುದ್ದೆ, 2012ರ ಜನವರಿಯಲ್ಲಿ ಎಎಂಡಿ. 2013ರಲ್ಲಿ ಪ್ಲೇಸ್ಟೇಷನ್ 4, ಎಕ್ಸ್‌ಬಾಕ್ಸ್ ಒನ್ ಎರಡರೊಳಗೂ ಎಎಂಡಿ ಚಿಪ್ಪೇ ಇತ್ತು. ಡೆಸ್ಕ್‌ಟಾಪ್ ಪ್ರೊಸೆಸರ್‌ಗಳು ನೆಲಕಚ್ಚಿದ್ದ ಕಾಲದಲ್ಲಿ ಆ ಕನ್ಸೋಲ್ ವ್ಯಾಪಾರವೇ ಉಸಿರು ಉಳಿಸಿತು. 2014ರ ಅಕ್ಟೋಬರ್ 8ರಂದು ರೋರಿ ರೀಡ್ ಅವರ ಜಾಗಕ್ಕೆ ಸು ಸಿಇಒ ಆದರು.

ಕೈಗೆ ಬಂದದ್ದು ಹೂವಿನ ಹಾಸಿಗೆಯೇನಲ್ಲ. 2011ರ ಬುಲ್ಡೋಜರ್ ವಿನ್ಯಾಸ ಸೋತಿತ್ತು, 2015ರಲ್ಲಿ ಕಂಪನಿಯ ನಿವ್ವಳ ನಷ್ಟ 66 ಕೋಟಿ ಡಾಲರ್. ಅಧಿಕಾರ ವಹಿಸಿದ ತಿಂಗಳಲ್ಲೇ ಶೇ 7ರಷ್ಟು ಉದ್ಯೋಗಿಗಳನ್ನು ತೆಗೆಯುವ ಘೋಷಣೆಯಾಯಿತು. 2012ರಲ್ಲಿ 33.4 ಕೋಟಿ ಡಾಲರಿಗೆ ಕೊಂಡಿದ್ದ ಸೀಮೈಕ್ರೋ ಸರ್ವರ್ ವ್ಯಾಪಾರವನ್ನು 2015ರಲ್ಲಿ ಮುಚ್ಚಿದರು, ಆರ್ಮ್ ಮತ್ತು ಎಕ್ಸ್86 ಎರಡನ್ನೂ ಒಂದೇ ಬೋರ್ಡಿಗೆ ಕೂರಿಸುವ ಸ್ಕೈಬ್ರಿಜ್ ಯೋಜನೆಯನ್ನೂ ಕೈಬಿಟ್ಟರು. ಉಳಿದ ಹಣವೆಲ್ಲ ಝೆನ್ ಎಂಬ ಕೋರ್ (ಪ್ರೊಸೆಸರಿನೊಳಗೆ ಲೆಕ್ಕ ಮಾಡುವ ಘಟಕ) ವಿನ್ಯಾಸವೊಂದರ ಕಡೆಗೇ ಹರಿಯಿತು. ಝೆನ್ ಕೆಲಸ ಶುರುವಾದದ್ದು ಸು ಸಿಇಒ ಆಗುವ ಮೊದಲೇ. ಚಿಪ್ ವಿನ್ಯಾಸಕಾರ ಜಿಮ್ ಕೆಲರ್ 2012ರಲ್ಲಿ ಎಎಂಡಿಗೆ ಮರಳಿ ಬಂದಾಗ. ಮುಖ್ಯ ವಿನ್ಯಾಸಕಾರ ಮೈಕ್ ಕ್ಲಾರ್ಕ್. ಆ ಶ್ರೇಯವನ್ನು ಸಿಇಒ ತಲೆಗೆ ಕಟ್ಟುವುದು ಸರಿಯಲ್ಲ. ಆದರೆ ಹಣವಿಲ್ಲದ ಮನೆಯಲ್ಲಿ ಅದೊಂದನ್ನು ಬಿಟ್ಟು ಉಳಿದದ್ದಕ್ಕೆ ಬೀಗ ಹಾಕುವ ಧೈರ್ಯ ಅವರದೇ.

ಅದೇ ಹಣದ ಕೊರತೆ ಎಎಂ4 ರೂಪವನ್ನೂ ತೀರ್ಮಾನಿಸಿತು. ಮೊದಲ ಝೆನ್‌ನಲ್ಲಿ ಡೆಸ್ಕ್‌ಟಾಪಿಗೂ ಸರ್ವರಿಗೂ ಒಂದೇ ಎಂಟು ಕೋರ್‌ಗಳ ಡೈ (ಸಿಲಿಕಾನ್ ತುಂಡು). ರೈಜನ್‌ನಲ್ಲಿ ಒಂದು, ಎಪಿಕ್ ಸರ್ವರ್ ಚಿಪ್ಪಿನಲ್ಲಿ ಅಂಥವೇ ನಾಲ್ಕು ಸೇರಿ 32 ಕೋರ್. 2017ರ ಮಾರ್ಚ್ 2ರಂದು ಬಂದ ಎಂಟು ಕೋರ್‌ಗಳ 1800ಎಕ್ಸ್ ಬೆಲೆ 499 ಡಾಲರ್. ಇಂಟೆಲ್‌ನ ಎಂಟು ಕೋರ್‌ಗಳ ಐ7-6900ಕೆ ಆಗ ಸಾವಿರ ಡಾಲರಿಗೂ ಮೇಲಿತ್ತು. 2019ರ ಝೆನ್ 2ರಲ್ಲಿ ಕೋರ್‌ಗಳು ಚಿಪ್ ತಯಾರಕ ಟಿಎಸ್ಎಂಸಿಯ 7 ನ್ಯಾನೋಮೀಟರಿನ ಪುಟ್ಟ ಡೈಗೆ, ಅಂದರೆ ಚಿಪ್ಲೆಟ್‌ಗೆ ಹೋದವು, ಮೆಮೊರಿ ಮತ್ತು ಪಿಸಿಐಇ (ಗ್ರಾಫಿಕ್ಸ್ ಕಾರ್ಡಿನಂಥವನ್ನು ಜೋಡಿಸುವ ದಾರಿ) ಭಾಗ ಗ್ಲೋಬಲ್‌ಫೌಂಡ್ರೀಸ್‌ನ 12 ನ್ಯಾನೋಮೀಟರಿನ ಐಒ ಡೈ ಎಂಬ ಬೇರೆ ಡೈಯಲ್ಲಿ ಉಳಿಯಿತು. ಡೈ ಸಣ್ಣದಾದಷ್ಟೂ ಒಂದು ವೇಫರಿನಲ್ಲಿ (ಡೈಗಳನ್ನು ಕತ್ತರಿಸಿ ತೆಗೆಯುವ ಸಿಲಿಕಾನ್ ಬಿಲ್ಲೆ) ಹಾಳಾಗುವ ಪಾಲು ಕಡಿಮೆ, ಇದು ಬರೀ ಲೆಕ್ಕ. ಅದರ ಬೆಲೆಯೂ ಬಳಕೆದಾರನಿಗೆ ತಟ್ಟುತ್ತದೆ: ಕೋರ್‌ನಿಂದ ರ‍್ಯಾಮ್‌ಗೆ ಹೋಗುವ ದಾರಿ ಉದ್ದವಾಗಿ ವಿಳಂಬ ಹೆಚ್ಚು, ಯಂತ್ರ ಸುಮ್ಮನಿದ್ದಾಗಲೂ ಐಒ ಡೈ ವಿದ್ಯುತ್ ತಿನ್ನುತ್ತದೆ. ದಿನವಿಡೀ ಖಾಲಿ ಉರಿಯುವ ಹೋಮ್ ಸರ್ವರ್‌ಗೆ ಚಿಪ್ಲೆಟ್ ರೈಜನ್‌ಗಿಂತ ಒಂದೇ ಡೈಯ ‘ಜಿ’ ಸರಣಿ ಒಳ್ಳೆಯದು ಎನ್ನುವುದು ಈ ಕಾರಣಕ್ಕೆ.

ಸಾಕೆಟ್ ಬಗ್ಗೆ ಎಎಂಡಿ ಕೊಟ್ಟ ಮಾತು 2020ರವರೆಗೆ ಬೆಂಬಲ ಎಂಬುದು. ಅದು ಹೇಳಿದಷ್ಟು ಸರಳವಾಗಿ ನಡೆಯಲಿಲ್ಲ. ಯಂತ್ರವನ್ನು ಎಬ್ಬಿಸುವ ತಂತ್ರಾಂಶವಾದ ಬಯೋಸ್ ಇರುವ ಫ್ಲ್ಯಾಷ್ ಚಿಪ್ ಹಳೆಯ ಹಲವು ಬೋರ್ಡುಗಳಲ್ಲಿ 16 ಎಂಬಿಯದು. ಪ್ರತಿ ಹೊಸ ಪ್ರೊಸೆಸರ್ ಕುಟುಂಬಕ್ಕೂ ಅಗೀಸಾ ಎಂಬ ಫರ್ಮ್‌ವೇರ್ ತುಣುಕು ಅದರಲ್ಲಿ ಜಾಗ ಬೇಡುತ್ತದೆ. ಜಾಗ ತುಂಬಿದಾಗ ಬೋರ್ಡ್ ತಯಾರಕರು ಸೆಟಪ್ ಮೆನುವಿನ ಚಿತ್ರಗಳನ್ನು ಕಿತ್ತರು, ಕೆಲವರು ಹಳೆಯ ಪ್ರೊಸೆಸರ್‌ಗಳ ಬೆಂಬಲವನ್ನೇ ತೆಗೆದರು. 2020ರ ಮೇನಲ್ಲಿ ಬಿ450 ಮತ್ತು ಎಕ್ಸ್470 ಬೋರ್ಡುಗಳಿಗೆ ಝೆನ್ 3 (5600, 5800ಎಕ್ಸ್3ಡಿಯಂಥ ಪ್ರೊಸೆಸರ್‌ಗಳ ವಿನ್ಯಾಸ) ಬರುವುದಿಲ್ಲ ಎಂದು ಎಎಂಡಿ ಹೇಳಿತು. ಬಳಕೆದಾರರು ಗಲಾಟೆ ಎಬ್ಬಿಸಿದರು, ಅದೇ ತಿಂಗಳಲ್ಲಿ ಕಂಪನಿ ಮಾತು ಹಿಂತೆಗೆದುಕೊಂಡಿತು. ಬಿ350ಯಂಥ 300 ಸರಣಿಯ ಬೋರ್ಡುಗಳು 2022ರವರೆಗೆ ಕಾಯಬೇಕಾಯಿತು. ಒಟ್ಟಿನಲ್ಲಿ ಮಾತು ಉಳಿಯಿತು, ಹೊಡೆದಾಟದ ನಂತರ.

ಹಾಗಾಗಿ ಹಳೆಯ ಎಎಂ4 ಯಂತ್ರಕ್ಕೆ ಹೊಸ ಪ್ರೊಸೆಸರ್ ಹಾಕುವವರು ಮೊದಲು ನೋಡಬೇಕಾದದ್ದು ಬೋರ್ಡ್ ತಯಾರಕರ ಬೆಂಬಲ ಪಟ್ಟಿ. ಬೋರ್ಡಿನ ಹೆಸರಷ್ಟೇ ಸಾಲದು, ಅದರ ಮೇಲೆ ಅಚ್ಚಾದ ಆವೃತ್ತಿ ಸಂಖ್ಯೆಯೂ ಬೇಕು. ಒಂದೇ ಹೆಸರಿನ ಎರಡು ಆವೃತ್ತಿಗೆ ಬೇರೆ ಬೇರೆ ಬಯೋಸ್ ಫೈಲ್ ಇರುತ್ತದೆ. 5800ಎಕ್ಸ್3ಡಿಗೆ ಅಗೀಸಾ 1.2.0.6ಬಿ ಅಥವಾ ಅದಕ್ಕಿಂತ ಹೊಸದು ಬೇಕು. ಆದರೆ ಅಲ್ಲಿಗೇ ನಿಲ್ಲಬೇಡಿ, 1.2.0.7 ಅಥವಾ ಮೇಲಿನದನ್ನೇ ಹಾಕಿ. ಎಫ್‌ಟಿಪಿಎಂ (ಗುಪ್ತ ಕೀಲಿಗಳನ್ನು ಕಾಯುವ ಫರ್ಮ್‌ವೇರ್) ಆನ್ ಇದ್ದಾಗ ಆಗಾಗ ಕ್ಷಣಕಾಲ ಶಬ್ದ, ಚಿತ್ರ ಎರಡೂ ತಡವರಿಸುವ ದೋಷ ಸರಿಹೋದದ್ದು ಆ ಆವೃತ್ತಿಯಲ್ಲಿ. 500 ಸರಣಿಯ ಬೋರ್ಡುಗಳಲ್ಲಿ ಯುಎಸ್‌ಬಿ ಸಾಧನಗಳು ಇದ್ದಕ್ಕಿದ್ದಂತೆ ಕಳಚಿಕೊಳ್ಳುತ್ತಿದ್ದ 2021ರ ತೊಂದರೆಗೆ 1.2.0.2ರಲ್ಲೇ ಪರಿಹಾರ ಬಂದಿತ್ತು. ಅದಕ್ಕಿಂತ ಹಳೆಯ ಬಯೋಸ್ ಇನ್ನೂ ಓಡುತ್ತಿರುವ ಯಂತ್ರಗಳು ಈಗಲೂ ಸಿಗುತ್ತವೆ.

ಹಳೆಯ ಪ್ರೊಸೆಸರ್ ಬೋರ್ಡಿನಲ್ಲಿ ಇರುವಾಗಲೇ ಬಯೋಸ್ ನವೀಕರಿಸಿ. ಹೊಸದನ್ನು ಕೂರಿಸಿದ ಮೇಲೆ ಪರದೆ ಕಪ್ಪಗೆ ನಿಂತರೆ ಫ್ಲ್ಯಾಷ್‌ಬ್ಯಾಕ್ ಬಟನ್ (ಪ್ರೊಸೆಸರ್ ಓಡದಿದ್ದರೂ ಬಯೋಸ್ ಹಾಕುವ ಗುಂಡಿ) ಇಲ್ಲದ ಬೋರ್ಡಿನಲ್ಲಿ ಮತ್ತೆ ಹಳೆಯದನ್ನೇ ಹಾಕಬೇಕಾಗುತ್ತದೆ. ಅದಕ್ಕೂ ಮೊದಲು ವಿಂಡೋಸಿನ ಡಿಸ್ಕ್ ಬೀಗವಾದ ಬಿಟ್‌ಲಾಕರ್ ನೋಡಿ. ಬಯೋಸ್ ಬದಲಾದರೂ ಪ್ರೊಸೆಸರ್ ಬದಲಾದರೂ ಎಫ್‌ಟಿಪಿಎಂ ಒಳಗಿನ ಕೀಲಿಗಳು ಹೋಗಬಹುದು, ಆಗ ವಿಂಡೋಸ್ 48 ಅಂಕಿಗಳ ರಿಕವರಿ ಕೀ ಕೇಳುತ್ತದೆ. ಆ ಕೀ ಇಲ್ಲದಿದ್ದರೆ ಡೇಟಾಕ್ಕೆ ಎಳ್ಳುನೀರು. ಕೀಯನ್ನು ಬೇರೆ ಕಡೆ ಬರೆದಿಟ್ಟು, ಬಿಟ್‌ಲಾಕರನ್ನು ಸಸ್ಪೆಂಡ್ ಮಾಡಿಯೇ ಮುಂದುವರಿಯಿರಿ. 32 ಜಿಬಿ ಅಥವಾ ಅದಕ್ಕಿಂತ ಸಣ್ಣ ಪೆನ್‌ಡ್ರೈವನ್ನು ಫ್ಯಾಟ್32ಗೆ ಫಾರ್ಮ್ಯಾಟ್ ಮಾಡಿ, ಬಯೋಸ್ ಫೈಲನ್ನು ಬಿಚ್ಚಿ ಹಾಕಿ. ಫ್ಲ್ಯಾಷ್‌ಬ್ಯಾಕ್ ಬಟನ್ ಇದ್ದರೆ ಫೈಲಿಗೆ ಕೈಪಿಡಿಯಲ್ಲಿ ಹೇಳಿದ ಹೆಸರೇ ಇಡಬೇಕು, ಗುರುತು ಹಾಕಿದ ಪೋರ್ಟಿಗೇ ಚುಚ್ಚಬೇಕು, 24 ಪಿನ್ ಮತ್ತು 8 ಪಿನ್ ಕರೆಂಟು ತಂತಿ ಎರಡೂ ಕೂತಿರಬೇಕು. ಬಟನ್ ಒತ್ತಿದ ಮೇಲೆ ದೀಪ ಕೆಲವು ನಿಮಿಷ ಮಿಟುಕುತ್ತದೆ. ಒಂದೆರಡು ಸೆಕೆಂಡಿಗೇ ಮಿಟುಕು ನಿಂತರೆ ಫೈಲಿನ ಹೆಸರೋ ಪೆನ್‌ಡ್ರೈವಿನ ಫಾರ್ಮ್ಯಾಟೋ ತಪ್ಪಿದೆ ಎಂದೇ ಅರ್ಥ.

ಕೂಲರ್ ತೆಗೆಯುವಾಗ ಎಎಂ4ನ ಅತಿ ಕೆಟ್ಟ ಗುಣ ಎದುರಾಗುತ್ತದೆ. 1331 ಪಿನ್‌ಗಳು ಪ್ರೊಸೆಸರಿನ ಹೊಟ್ಟೆಯಲ್ಲಿವೆ, ಸಾಕೆಟ್ ಅದನ್ನು ಮೇಲಿನಿಂದ ಹಿಡಿದುಕೊಂಡಿಲ್ಲ. ಥರ್ಮಲ್ ಪೇಸ್ಟ್ ಒಣಗಿದ್ದರೆ ಕೂಲರ್ ಎತ್ತಿದಾಗ ಪ್ರೊಸೆಸರೂ ಕಿತ್ತುಕೊಂಡು ಬರುತ್ತದೆ, ಲಿವರ್ ಮುಚ್ಚಿದ್ದಾಗಲೇ. ಪಿನ್ ಬಾಗುವುದು ಆಗಲೇ. ಯಂತ್ರವನ್ನು ಹತ್ತು ನಿಮಿಷ ಭಾರದ ಕೆಲಸದಲ್ಲಿ ಓಡಿಸಿ, ಆಫ್ ಮಾಡಿ, ಪ್ಲಗ್ ತೆಗೆದು, ಪೇಸ್ಟ್ ಬಿಸಿಯಿರುವಾಗಲೇ ಕೂಲರನ್ನು ಎಡಕ್ಕೂ ಬಲಕ್ಕೂ ಮೆಲ್ಲಗೆ ತಿರುಚಿ. ಅಂಟು ಬಿಟ್ಟ ಮೇಲಷ್ಟೇ ಎತ್ತಿ. ಇನ್ನೊಂದು ಎಡವಟ್ಟು: ಕೂಲರ್ ಕೊಕ್ಕೆಯ ನಾಲ್ಕು ಸ್ಕ್ರೂ ಬಿಚ್ಚಿದರೆ ಬೋರ್ಡಿನ ಹಿಂದಿರುವ ಲೋಹದ ಬ್ಯಾಕ್‌ಪ್ಲೇಟ್ ಕಳಚಿ ಬೀಳುತ್ತದೆ. ಕೇಸಿನ ಹಿಂಬದಿಯಿಂದ ಒಂದು ಕೈ ಹಿಡಿದಿರಲಿ.

ಹಳೆಯ ಪೇಸ್ಟನ್ನು ಐಸೊಪ್ರೊಪೈಲ್ ಆಲ್ಕೊಹಾಲಿನಿಂದ ಒರೆಸಿ, ಪ್ರೊಸೆಸರಿನ ಚಿನ್ನದ ತ್ರಿಕೋನ ಮತ್ತು ಸಾಕೆಟ್ಟಿನ ತ್ರಿಕೋನ ಹೊಂದಿಸಿ ಬಿಡಿ. ತನ್ನ ತೂಕಕ್ಕೇ ಅದು ಇಳಿಯಬೇಕು. ಒತ್ತುವ ಅಗತ್ಯ ಬಿತ್ತೆಂದರೆ ಎಲ್ಲೋ ಪಿನ್ ಬಾಗಿದೆ. ಮೊದಲ ಬೂಟ್ ಆದ ಮೇಲೆ ಬಯೋಸಿಗೆ ಹೋಗಿ ಮೆಮೊರಿಯನ್ನು ಅದರ ಪೂರ್ತಿ ವೇಗಕ್ಕೆ ಏರಿಸುವ ಎಕ್ಸ್‌ಎಂಪಿಯನ್ನು ಮತ್ತೆ ಆನ್ ಮಾಡಿ. ನವೀಕರಣವಾದಾಗ ಸೆಟ್ಟಿಂಗ್ ಅಳಿದು ರ‍್ಯಾಮ್ 2133 ಅಥವಾ 2400ರಲ್ಲಿ ಓಡುತ್ತಿರುತ್ತದೆ, ‘ಹೊಸ ಪ್ರೊಸೆಸರ್ ಹಾಕಿದರೂ ವೇಗ ಬರಲಿಲ್ಲ’ ಎಂಬ ದೂರುಗಳಲ್ಲಿ ಬಹಳಷ್ಟಕ್ಕೆ ಕಾರಣ ಇದೇ. ಝೆನ್ 2 ಮತ್ತು 3ಕ್ಕೆ ಡಿಡಿಆರ್4-3600 ಒಳ್ಳೆಯ ಮಟ್ಟ; ಡೈಗಳನ್ನು ಜೋಡಿಸುವ ಇನ್ಫಿನಿಟಿ ಫ್ಯಾಬ್ರಿಕ್ 1800 ಮೆಗಾಹರ್ಟ್ಸ್‌ನಲ್ಲಿ ರ‍್ಯಾಮ್ ಜೊತೆ ಒಂದಕ್ಕೊಂದು ಸಮನಾಗಿ ಓಡುತ್ತದೆ. ಅದಕ್ಕಿಂತ ಮೇಲಕ್ಕೆ ಹೋದರೆ ಈ ಸಮ ತಪ್ಪಿ ವಿಳಂಬ ಏರಬಹುದು, ಅಂಕಿ ದೊಡ್ಡದು ಕಂಡರೂ ಯಂತ್ರ ನಿಧಾನ.

ಯಾವ ಪ್ರೊಸೆಸರ್? ಸಾಮಾನ್ಯ ಕೆಲಸಕ್ಕೆ, ಮಧ್ಯಮ ಗ್ರಾಫಿಕ್ಸ್ ಕಾರ್ಡಿನ ಆಟಗಳಿಗೆ ರೈಜನ್ 5 5600 ಸಾಕು. ಆರು ಕೋರ್, 32 ಎಂಬಿ ಎಲ್3 ಕ್ಯಾಷ್ (ಪ್ರೊಸೆಸರಿನೊಳಗಿನ ವೇಗದ ಮೆಮೊರಿ), ಗರಿಷ್ಠ 76 ವಾಟ್. ಎ320 ಬೋರ್ಡಿನ ಬಡಪಾಯಿ ವಿಆರ್‌ಎಂ (ಪ್ರೊಸೆಸರಿಗೆ ವಿದ್ಯುತ್ ಹೊಂದಿಸುವ ಭಾಗ) ಕೂಡ ಇದನ್ನು ತಡೆದುಕೊಳ್ಳುತ್ತದೆ. 5600ಜಿ ಎಂಬುದು ಹೆಸರಲ್ಲಿ ಒಂದೇ ಅಕ್ಷರದ ವ್ಯತ್ಯಾಸ, ಒಳಗೆ ಗ್ರಾಫಿಕ್ಸ್ ಇದೆ, ಆದರೆ ಅರ್ಧ ಕ್ಯಾಷ್ ಮತ್ತು ಪಿಸಿಐಇ 3.0. ಬೇರೆ ಗ್ರಾಫಿಕ್ಸ್ ಕಾರ್ಡ್ ಇರುವವರಿಗೆ ಅದು ನಷ್ಟದ ಖರೀದಿ. ಕಾರ್ಡ್ ಇಲ್ಲದವರಿಗೆ ಉಲ್ಟಾ: ಬರೀ 5600 ಹಾಕಿದರೆ ಪರದೆಗೆ ಚಿತ್ರವೇ ಬರುವುದಿಲ್ಲ.

ಆಟಗಳೇ ಮುಖ್ಯವಾದರೆ 5800ಎಕ್ಸ್3ಡಿ. 2022ರ ಏಪ್ರಿಲ್‌ನಲ್ಲಿ 449 ಡಾಲರಿಗೆ ಬಂತು. ಕೋರ್ ಚಿಪ್ಲೆಟ್‌ನ 32 ಎಂಬಿ ಕ್ಯಾಷ್ ಮೇಲೆ ಇನ್ನೊಂದು 64 ಎಂಬಿ ಪದರ ಅಂಟಿಸಿ ಒಟ್ಟು 96 ಎಂಬಿ ಮಾಡಲಾಗಿದೆ. ರ‍್ಯಾಮ್‌ಗೆ ಓಡುವ ಉದ್ದದ ದಾರಿಯೇ ಚಿಪ್ಲೆಟ್ ವಿನ್ಯಾಸದ ದೌರ್ಬಲ್ಯ ಎಂದೆವಲ್ಲ, ಇದು ಅದಕ್ಕೇ ಮದ್ದು. ನಿಧಾನದ ಹಳೆಯ ರ‍್ಯಾಮ್ ಇದ್ದರೂ ಕಳೆದುಕೊಳ್ಳುವುದು ಕಡಿಮೆಯಾಗುವುದೂ ಈ ಕಾರಣಕ್ಕೇ. ಆದರೆ ಮೇಲಿನ ಪದರ ಶಾಖವನ್ನು ತಡೆಯುತ್ತದೆ, ಹೆಚ್ಚು ವೋಲ್ಟೇಜನ್ನೂ ತಾಳುವುದಿಲ್ಲ. ಅದಕ್ಕೇ ಓವರ್‌ಕ್ಲಾಕಿಂಗಿಗೆ (ನಿಗದಿಗಿಂತ ಹೆಚ್ಚು ವೇಗದಲ್ಲಿ ಓಡಿಸುವುದಕ್ಕೆ) ಬೀಗ. ಪೆಟ್ಟಿಗೆಯಲ್ಲಿ ಕೂಲರ್ ಬರುವುದಿಲ್ಲ, ಮೊದಲ ರೈಜನ್ ಜೊತೆ ಬಂದ ಸಣ್ಣ ಕೂಲರನ್ನು ಇದಕ್ಕೆ ಹಾಕಿದರೆ 90 ಡಿಗ್ರಿ ಮಿತಿ ತಾಕಿ ವೇಗ ಇಳಿಯುತ್ತದೆ. ವಿಡಿಯೋ ರೆಂಡರಿಂಗ್, ಕೋಡ್ ಕಂಪೈಲಿಂಗ್ ಮಾಡುವವರಿಗೆ ಈ ಹೆಚ್ಚುವರಿ ಕ್ಯಾಷ್‌ನಿಂದ ದೊಡ್ಡ ಉಪಯೋಗವಿಲ್ಲ, ಅವರು 12 ಕೋರ್‌ಗಳ 5900ಎಕ್ಸ್ ನೋಡಲಿ. ಆದರೆ ಅಗ್ಗದ ಬೋರ್ಡಿನಲ್ಲಿ ಬೇಡ.

ಎಎಂಡಿ ತನ್ನ ಕಾಲಿಗೆ ತಾನೇ ಕೊಡಲಿ ಹಾಕಿಕೊಂಡದ್ದೂ ಇದೆ. 2022ರ ಆರ್‌ಎಕ್ಸ್ 6500 ಎಕ್ಸ್‌ಟಿ ಗ್ರಾಫಿಕ್ಸ್ ಕಾರ್ಡಿಗೆ ಪಿಸಿಐಇಯ ನಾಲ್ಕೇ ಲೇನ್ (ಡೇಟಾ ಹರಿಯುವ ಸಾಲು). ಪಿಸಿಐಇ 3.0 ಮಾತ್ರ ಇರುವ ಬಿ450 ಬೋರ್ಡಿನಲ್ಲಿ ಅದು ಉಸಿರುಗಟ್ಟುತ್ತದೆ. ಹಳೆಯ ಬೋರ್ಡ್ ಉಳಿಸಿಕೊಳ್ಳಿ ಎನ್ನುವ ಕಂಪನಿಯೇ ಹಳೆಯ ಬೋರ್ಡಿಗೆ ಹೊಂದದ ಅಗ್ಗದ ಕಾರ್ಡ್ ಮಾಡಿತು. ಲ್ಯಾಪ್‌ಟಾಪ್ ಹೆಸರುಗಳ ಕತೆ ಇನ್ನೂ ಕಷ್ಟ: 7520ಯು ಎಂಬ 7000 ಸರಣಿಯ ಚಿಪ್ಪಿನೊಳಗಿರುವುದು 2019ರ ಝೆನ್ 2. ಡೆಸ್ಕ್‌ಟಾಪ್ ಸಾಕೆಟ್ಟಿನಲ್ಲಿ ತೋರಿದ ಪ್ರಾಮಾಣಿಕತೆ ಸ್ಟಿಕರ್ ಅಂಟಿಸುವವರ ಕೋಣೆಗೆ ತಲುಪಿದಂತಿಲ್ಲ.

2022ರ ಸೆಪ್ಟೆಂಬರ್ 27ರಂದು ಮುಂದಿನ ಸಾಕೆಟ್ ಎಎಂ5 ಬಂತು. 1718 ಸಂಪರ್ಕಗಳು, ಪಿನ್‌ಗಳು ಈಗ ಸಾಕೆಟ್ಟಿನಲ್ಲಿ, ರ‍್ಯಾಮ್ ಡಿಡಿಆರ್5 ಮಾತ್ರ. ಇಲ್ಲೂ ಹಳೆಯದನ್ನು ಉಳಿಸುವ ಹಟ ಬಿಡಲಿಲ್ಲ. ಎಎಂ4 ಕೂಲರ್‌ಗಳು ಹೊಂದಬೇಕೆಂದು ಪ್ರೊಸೆಸರಿನ ಎತ್ತರವನ್ನು ಹಾಗೇ ಇಟ್ಟರು, ಅದಕ್ಕಾಗಿ ಮೇಲಿನ ಲೋಹದ ಮುಚ್ಚಳ ದಪ್ಪವಾಯಿತು. ದಪ್ಪ ಮುಚ್ಚಳದ ಮೂಲಕ ಶಾಖ ನಿಧಾನವಾಗಿ ಹೊರಬರುತ್ತದೆ. ಎಎಂ5ನ 7950ಎಕ್ಸ್ ಪ್ರೊಸೆಸರ್ ಪೂರ್ತಿ ಕೆಲಸದಲ್ಲಿ 95 ಡಿಗ್ರಿಗೆ ಹೋಗಿ ನಿಲ್ಲುವುದಕ್ಕೆ ಅದೂ ಒಂದು ಕಾರಣ. ಇನ್ನೊಂದು, ಸಾಕೆಟ್ ಬಿಡುವ 230 ವಾಟ್. ಬಯೋಸಿನಲ್ಲಿ ವಿದ್ಯುತ್ ಮಿತಿ ಇಳಿಸುವ ಇಕೋ ಮೋಡ್ ಹಾಕಿದರೆ ಬಿಸಿ ಬಹಳ ಇಳಿಯುತ್ತದೆ, ವೇಗ ಇಳಿಯುವುದು ಸ್ವಲ್ಪವೇ. ನಿಮ್ಮ ಹಳೆಯ ಕೂಲರ್ ಬೋರ್ಡಿನ ಜೊತೆ ಬಂದ ಬ್ಯಾಕ್‌ಪ್ಲೇಟಿಗೇ ಸ್ಕ್ರೂ ಆಗುವಂಥದ್ದಾಗಿದ್ದರೆ ಎಎಂ5ಗೂ ನಡೆಯುತ್ತದೆ. ತನ್ನದೇ ಬ್ಯಾಕ್‌ಪ್ಲೇಟ್ ಬೇಡುವ ಕೂಲರಿಗೆ ಹೊಸ ಕಿಟ್ ಬೇಕು, ಏಕೆಂದರೆ ಎಎಂ5 ಬ್ಯಾಕ್‌ಪ್ಲೇಟ್ ಸಾಕೆಟ್ಟನ್ನೇ ಹಿಡಿದಿದೆ, ತೆಗೆಯಲಾಗದು.

ಎಎಂ5ನಲ್ಲಿ ಮೊದಲ ಸಲ ಆನ್ ಮಾಡಿದಾಗ ಕೆಲವು ನಿಮಿಷ ಪರದೆ ಕಪ್ಪಗಿರುತ್ತದೆ. ಕೆಟ್ಟಿದೆ ಎಂದು ಸ್ವಿಚ್ ಆರಿಸಬೇಡಿ, ಮೆಮೊರಿ ಟ್ರೇನಿಂಗ್ (ಮೆಮೊರಿಗೆ ಹೊಂದುವ ಸೆಟ್ಟಿಂಗ್ ಹುಡುಕುವ ಕೆಲಸ) ನಡೆಯುತ್ತಿರುತ್ತದೆ. ರ‍್ಯಾಮ್ ಎರಡೇ ಪಟ್ಟಿ ಹಾಕಿ, ಡಿಡಿಆರ್5-6000. ನಾಲ್ಕು ಪಟ್ಟಿ ತುಂಬಿದರೆ 7000 ಸರಣಿಯ ಅಧಿಕೃತ ವೇಗ 3600ಕ್ಕೆ ಇಳಿಯುತ್ತದೆ. 2023ರ ಏಪ್ರಿಲ್‌ನಲ್ಲಿ ಕೆಲವು 7800ಎಕ್ಸ್3ಡಿಗಳು ಸಾಕೆಟ್ ಸಮೇತ ಸುಟ್ಟ ಪ್ರಕರಣ ನಡೆದದ್ದು ಎಕ್ಸ್‌ಪೋ (ಎಕ್ಸ್‌ಎಂಪಿಯಂಥದೇ ಎಎಂಡಿಯ ಸೆಟ್ಟಿಂಗ್) ಆನ್ ಮಾಡಿದಾಗ ಬೋರ್ಡುಗಳು ಪ್ರೊಸೆಸರಿನ ಎಸ್‌ಒಸಿ ಭಾಗದ ವೋಲ್ಟೇಜನ್ನು ಅತಿಯಾಗಿ ಏರಿಸುತ್ತಿದ್ದುದರಿಂದ. ಆಮೇಲಿನ ಬಯೋಸ್‌ಗಳಲ್ಲಿ 1.3 ವೋಲ್ಟ್ ಮಿತಿ ಬಂತು. ಆ ಕಾಲದ ಸೆಕೆಂಡ್‌ಹ್ಯಾಂಡ್ ಬೋರ್ಡ್ ಕೊಂಡರೆ ಎಕ್ಸ್‌ಪೋ ಮುಟ್ಟುವ ಮೊದಲು ಬಯೋಸ್ ಹಾಕಿ.

2024ರ ನವೆಂಬರ್ 7ರ 9800ಎಕ್ಸ್3ಡಿಯಲ್ಲಿ ಕ್ಯಾಷ್ ಪದರವನ್ನು ಕೋರ್‌ಗಳ ಕೆಳಕ್ಕೆ ಹಾಕಿದರು. ಶಾಖ ನೇರ ಮೇಲಕ್ಕೆ ಬರುತ್ತದೆ, ಓವರ್‌ಕ್ಲಾಕಿಂಗ್ ಬೀಗವೂ ಹೋಯಿತು. 479 ಡಾಲರಿಗೆ ಆಟದ ಪ್ರೊಸೆಸರ್‌ಗಳಲ್ಲಿ ಅದಕ್ಕೆ ಆಗ ಎದುರಾಳಿಯೇ ಇರಲಿಲ್ಲ. 2015ರಲ್ಲಿ ವಾರ್ಷಿಕ ಆದಾಯ 400 ಕೋಟಿ ಡಾಲರ್ ಆಸುಪಾಸಿನಲ್ಲಿದ್ದ ಕಂಪನಿ 2024ರಲ್ಲಿ 2,580 ಕೋಟಿಗೆ ಬೆಳೆದಿತ್ತು. ಹಣವಿಲ್ಲದಾಗ ಕೊಟ್ಟ ಮಾತನ್ನು ಹಣ ಬಂದ ಮೇಲೂ ಉಳಿಸುತ್ತಾರೆಯೇ ಎಂಬುದೇ ಎಎಂ5 ಕೊಳ್ಳುವವರ ಪ್ರಶ್ನೆ. 2027 ಮತ್ತು ಅದರಾಚೆ ಎಂದು ಕಂಪನಿ ಹೇಳಿದೆ.

ನಮ್ಮ ಅಂಕ: ಈಗಾಗಲೇ ಎಎಂ4 ಬೋರ್ಡ್ ಇರುವವರಿಗೆ 10ಕ್ಕೆ 9, ಹೊಸದಾಗಿ ಕಟ್ಟುವವರಿಗೆ 5. ಹೊಸಬರು ಎಎಂ5ಗೇ ಹೋಗಲಿ. ಹೋಗುವಾಗ ಬಣ್ಣದ ದೀಪಕ್ಕೆ ಕೊಡುವ ಹಣವನ್ನು ಬಯೋಸ್ ಫ್ಲ್ಯಾಷ್‌ಬ್ಯಾಕ್ ಬಟನ್ ಇರುವ ಬೋರ್ಡಿಗೆ ಕೊಡಲಿ. ನಾಲ್ಕು ವರ್ಷದ ನಂತರ ಹೊಸ ಪ್ರೊಸೆಸರ್ ತಂದ ದಿನ ಕೆಲಸಕ್ಕೆ ಬರುವುದು ಅದೇ.